ದೂರದಿಂದ ಪಂಪನ್ನು ನಡೆಸುವ ರಿಲೇ ಫಲಕ: ಅದರ ರಚನೆಯೂ ಗ್ರಾಮಸ್ಥರು ವಹಿಸತಕ್ಕ ಎಚ್ಚರಿಕೆಯೂ

ಬಾವಿಯ ನೀರನ್ನು ನಂಬಿ ಬೇಸಾಯ ಮಾಡುವವರಿಗೆ ವಿದ್ಯುಚ್ಛಕ್ತಿಯಿಂದ ಆಗಿರುವ ಉಪಕಾರವು ಅಲ್ಪವಾದುದಲ್ಲ. ಕಪಿಲೆಯಲ್ಲಿ ಒಂದು ಜೊತೆ ಎತ್ತುಗಳು ಹಗಲೆಲ್ಲ ಎಳೆಯುತ್ತಿದ್ದಷ್ಟು ನೀರನ್ನು ಐದು ಅಶ್ವಶಕ್ತಿಯ ಪಂಪೊಂದು ಸ್ವಲ್ಪ ಹೊತ್ತಿನಲ್ಲಿಯೇ ಎತ್ತಿಕೊಡುತ್ತದೆ. ೧೯೦೨ನೆಯ ಇಸವಿಯಲ್ಲಿ ಶಿವನಸಮುದ್ರದ ಜಲಪಾತದಿಂದ ಸುಮಾರು ೧೪೭ ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಮೊದಲು ಹರಿದ ಶಕ್ತಿಯು ಈಗ ಹಳ್ಳಿಹಳ್ಳಿಯ ಹೊಲಗಳಲ್ಲಿ ಪಂಪುಗಳನ್ನು ತಿರುಗಿಸುತ್ತಿದೆ.

ಆದರೆ ಈ ಉಪಕಾರದೊಡನೆ ಒಂದು ಕಷ್ಟವೂ ಉಂಟು. ಪಂಪುಗಳಿಗೆ ಬೇಕಾದ ಮೂರು ಫೇಸಿನ ವಿದ್ಯುತ್ತು ದಿನದ ಕೆಲವು ಗಂಟೆಗಳ ಕಾಲ ಮಾತ್ರ, ಅದೂ ಸರದಿಯ ಮೇಲೆ ಬರುವುದು. ಸರದಿಯು ರಾತ್ರಿಗೆ ಬಿದ್ದಾಗ ಬೇಸಾಯಗಾರನು ನಿದ್ರೆಗೆಟ್ಟು, ಕೈಯಲ್ಲಿ ದೀಪ ಹಿಡಿದು, ಬದುವಿನ ಮೇಲೆ ನಡೆದು ಪಂಪಿನ ಮನೆಯನ್ನು ಸೇರಬೇಕು. ದಾರಿಯಲ್ಲಿ ಹಾವು ಹುಳುಗಳ ಭಯ. ಪಂಪಿನ ಮನೆಯಲ್ಲಿ ಒದ್ದೆಯಾದ ಬರಿಗಾಲಿನಿಂದ ನಿಂತು ಕಬ್ಬಿಣದ ಸ್ಟಾರ್ಟರ್ ಪೆಟ್ಟಿಗೆಯನ್ನು ಮುಟ್ಟುವಾಗ ಪ್ರಾಣಭಯ. ಈ ನಡಿಗೆಯನ್ನು ತಪ್ಪಿಸುವ ಸಲುವಾಗಿ, ಮೊಬೈಲ್ ದೂರವಾಣಿಯಿಂದ ಪಂಪನ್ನು ನಡೆಸುವ ಮತ್ತು ನಿಲ್ಲಿಸುವ ಪೆಟ್ಟಿಗೆಗಳು ಬಳಕೆಗೆ ಬಂದಿವೆ. ಕೆಲವರು ಅಂಗಡಿಯಿಂದ ಕೊಳ್ಳುವರು. ಕೆಲವು ಗ್ರಾಮಗಳಲ್ಲಿ ಕೈಚಳಕವುಳ್ಳ ಯುವಕರು ತಾವೇ ಜೋಡಿಸುವರು. ಹೇಗೆ ದೊರೆತರೂ ಅದರ ಒಳಗಿರುವ ಸರ್ಕ್ಯೂಟ್ ಬೋರ್ಡು, ಅಂದರೆ ವಿದ್ಯುತ್ ಫಲಕವು, ಸರಿಯಾಗಿ ರಚಿತವಾಗಿದ್ದರೆ ಪ್ರಾಣವನ್ನೂ ಮೋಟಾರನ್ನೂ ಕಾಯುವುದು; ತಪ್ಪಾಗಿ ರಚಿತವಾಗಿದ್ದರೆ ಎರಡನ್ನೂ ಕೊಲ್ಲುವುದು. ಗ್ರಾಮದ ಮುಖಂಡರೂ ಜಮೀನುದಾರರೂ ಇದರ ತತ್ತ್ವವನ್ನು ಅರಿತಿದ್ದರೆ ಒಳ್ಳೆಯ ಫಲಕವಾವುದು, ಕೆಟ್ಟದ್ದಾವುದು ಎಂದು ವಿಚಾರಿಸಿ ತಿಳಿಯಬಲ್ಲರು.

ರಿಲೇ ಎಂದರೇನು

ಮೈಸೂರು ಸೀಮೆಯಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ೧೬೭೨ರಲ್ಲಿ, ಸ್ಥಾಪಿತವಾಗಿ ೧೮೮೯ರವರೆಗೆ ನಡೆದ ಅಂಚೆಯನ್ನು ಹಿರಿಯರ ಬಾಯಿಂದ ಕೇಳಿದವರುಂಟು. ಒಬ್ಬ ಹರಿಕಾರನು ತನ್ನ ಗಡಿಯವರೆಗೆ ಓಡಿ ಚೀಲವನ್ನು ಮುಂದಿನವನಿಗೆ ಒಪ್ಪಿಸುವನು. ಎರಡನೆಯವನು ಹೊಸ ಶಕ್ತಿಯಿಂದ ಮುಂದಕ್ಕೆ ಓಡುವನು. ಮೊದಲನೆಯವನ ದಣಿವು ಎರಡನೆಯವನಿಗೆ ಸೇರದು. ಸಂದೇಶವು ಮಾತ್ರ ಸೇರುವುದು. ವಿದ್ಯುತ್ ರಿಲೇಯ ಕೆಲಸವೂ ಹೀಗೆಯೇ.

ರಿಲೇಯೊಳಗೆ ತಾಮ್ರದ ತಂತಿಯ ಸುರುಳಿಯೊಂದಿದೆ. ಅದರಲ್ಲಿ ಅಲ್ಪ ಪ್ರವಾಹವು ಹರಿದಾಗ ನಡುವಿನ ಕಬ್ಬಿಣವು ಅಯಸ್ಕಾಂತವಾಗಿ ಒಂದು ಸಣ್ಣ ತೋಳನ್ನು ಸೆಳೆಯುವುದು. ತೋಳು ಸರಿದು ಬೇರೊಂದು ದೊಡ್ಡ ಪ್ರವಾಹದ ಬಾಗಿಲನ್ನು ಮುಚ್ಚುವುದು ಅಥವಾ ತೆರೆಯುವುದು. ಸುರುಳಿಗೂ ಬಾಗಿಲಿಗೂ ನಡುವೆ ತಂತಿಯ ಸಂಬಂಧವಿಲ್ಲ. ಅಯಸ್ಕಾಂತದ ಸೆಳೆತವೊಂದೇ ಸಂಬಂಧ. ಆದಕಾರಣ ೧೨ ವೋಲ್ಟಿನ ಪ್ರವಾಹವು ತಾನು ಸುರಕ್ಷಿತವಾಗಿದ್ದುಕೊಂಡು ೪೧೫ ವೋಲ್ಟಿನ ಪ್ರವಾಹವನ್ನು ಆಳಬಲ್ಲುದು. ೧೮೩೦ರ ದಶಕದಲ್ಲಿ ಅಮೆರಿಕದ ಜೋಸೆಫ್ ಹೆನ್ರಿ ಎಂಬ ವಿಜ್ಞಾನಿಯು ತೋರಿಸಿಕೊಟ್ಟ ಈ ಉಪಾಯವನ್ನು ಮೊದಲು ತಂತಿ ಸಮಾಚಾರದಲ್ಲಿ ಬಳಸಿದರು. ಸ್ಟಾರ್ಟರಿನಲ್ಲಿ ಟಕ್ಕೆಂದು ಸದ್ದು ಮಾಡುವ ಕಂಟ್ಯಾಕ್ಟರ್ ಎಂಬುದೂ ಒಂದು ದೊಡ್ಡ ರಿಲೇಯೇ ಆಗಿದೆ.

ಒತ್ತಡದ ವಿಷಯ

ಪಂಪಿಗೆ ಬರುವ ಎರಡು ಫೇಸುಗಳ ನಡುವಣ ಒತ್ತಡವು ಸುಮಾರು ೪೧೫ ವೋಲ್ಟು. ಒಂದು ಫೇಸಿಗೂ ನ್ಯೂಟ್ರಲ್ ತಂತಿಗೂ ನಡುವೆ ಸುಮಾರು ೨೪೦. ೧೯೫೬ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ ೨೫೦ ವೋಲ್ಟಿನವರೆಗೆ ಕಡಿಮೆ ಒತ್ತಡವೆಂದೂ, ೬೫೦ರವರೆಗೆ ಮಧ್ಯಮವೆಂದೂ, ಅದರ ಮೇಲೆ ೩೩,೦೦೦ದವರೆಗೆ ಅಧಿಕವೆಂದೂ ವಿಂಗಡಿಸಿದ್ದರು. ಈ ಲೆಕ್ಕದಲ್ಲಿ ಪಂಪಿನ ವಿದ್ಯುತ್ತು ಮಧ್ಯಮ ಒತ್ತಡದ್ದು. ಮಧ್ಯಮವೆಂಬ ಹೆಸರಿನಿಂದ ಯಾರೂ ಮೋಸಹೋಗಬಾರದು. ಒದ್ದೆ ನೆಲದ ಮೇಲೆ ನಿಂತವನನ್ನು ಕೊಲ್ಲಲು ಅದು ಧಾರಾಳವಾಗಿ ಸಾಕು. ಅಲ್ಲದೆ ೪೧೫ ಎಂಬುದು ಸರಾಸರಿಯ ರೀತಿಯ ಅಂಕಿ. ಪ್ರತಿಯೊಂದು ಅಲೆಯ ತುದಿಯಲ್ಲಿ ಒತ್ತಡವು ೫೮೭ ವೋಲ್ಟುಗಳಷ್ಟು ಏರುವುದು. ಫಲಕವನ್ನು ರಚಿಸುವವನು ಈ ತುದಿಯನ್ನು ಲೆಕ್ಕಕ್ಕೆ ಹಿಡಿಯತಕ್ಕದ್ದು.

ಟ್ರಾನ್ಸ್‌ಫಾರ್ಮರಿಗೆ ಬರುವ ೧೧,೦೦೦ ವೋಲ್ಟಿನ ತಂತಿಗಳ ವಿಷಯವು ಬೇರೆ. ಅವುಗಳ ಹತ್ತಿರ ಕೈ ಹಾಕುವುದು ವಿದ್ಯುತ್ ಸರಬರಾಜು ಸಂಸ್ಥೆಯ ನೌಕರರ ಹೊರತು ಮತ್ತಾರ ಕೆಲಸವೂ ಅಲ್ಲ. ಈ ಲೇಖನದ ಫಲಕಕ್ಕೂ ಆ ತಂತಿಗಳಿಗೂ ಸಂಬಂಧವಿಲ್ಲ.

ಫಲಕದ ಎರಡು ಸೀಮೆಗಳು

ಫಲಕವೆಂದರೆ ಗಾಜಿನ ನೂಲು ಮತ್ತು ರಾಳದಿಂದ ಮಾಡಿದ, ಸಾಮಾನ್ಯವಾಗಿ ೧.೬ ಮಿಲಿಮೀಟರ್ ದಪ್ಪದ ಹಲಗೆ. ಅದರ ಮೇಲೆ ತಂತಿಗಳ ಬದಲಾಗಿ ತಾಮ್ರದ ತೆಳ್ಳನೆಯ ಹಾದಿಗಳು ಅಂಟಿರುತ್ತವೆ. ಅವುಗಳ ದಪ್ಪವು ಸುಮಾರು ೩೫ ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಮೂವತ್ತರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಇಂತಹ ತೆಳು ಹಾದಿಯಲ್ಲಿ ಮೋಟಾರಿನ ಪ್ರವಾಹವನ್ನು ಹರಿಸಕೂಡದು. ಐದು ಅಶ್ವಶಕ್ತಿಯ ಮೋಟಾರು ಪೂರ್ಣ ಭಾರದಲ್ಲಿ ಏಳರಿಂದ ಎಂಟು ಆಂಪಿಯರುಗಳನ್ನೂ, ಹೊರಡುವ ಗಳಿಗೆಯಲ್ಲಿ ಅದರ ಐದಾರು ಪಟ್ಟನ್ನೂ ಎಳೆಯುವುದು. ಆ ಭಾರವನ್ನು ಕಂಟ್ಯಾಕ್ಟರು ಹೊರಲಿ. ಫಲಕವು ಕಂಟ್ಯಾಕ್ಟರಿನ ಸುರುಳಿಗೆ ಅಪ್ಪಣೆ ಕೊಟ್ಟರೆ ಸಾಕು. ಕೆರೆಯ ನೀರಗಂಟಿಯು ತೂಬನ್ನು ತೆರೆಯುವನೇ ಹೊರತು ನೀರನ್ನು ಹೊರುವುದಿಲ್ಲವಷ್ಟೆ.

ಫಲಕದ ಮೇಲೆ ಎರಡು ಸೀಮೆಗಳಿರಬೇಕು. ಒಂದು ಸೀಮೆಯಲ್ಲಿ ಪ್ರಾಣಾಪಾಯದ ಒತ್ತಡ. ಇನ್ನೊಂದರಲ್ಲಿ ೧೨ ವೋಲ್ಟು ಅಥವಾ ಅದಕ್ಕೂ ಕಡಿಮೆಯ ಒತ್ತಡದಲ್ಲಿ ಕೆಲಸ ಮಾಡುವ ಲೆಕ್ಕದ ಚಿಪ್ಪು, ದೂರವಾಣಿಯ ಭಾಗ, ಆಂಟೆನಾ ಮುಂತಾದವು. ಎರಡು ಜಮೀನುಗಳ ನಡುವೆ ಬದು ಇರುವಂತೆ ಈ ಸೀಮೆಗಳ ನಡುವೆ ತಾಮ್ರವಿಲ್ಲದ ಪಟ್ಟಿಯನ್ನು ಬಿಡತಕ್ಕದ್ದು. ಅದರ ಅಗಲವು ೮ ಮಿಲಿಮೀಟರಿಗೆ ಕಡಿಮೆಯಾಗದಿರುವುದು ಯುಕ್ತ. ಸ್ಥಳ ಸಾಲದ ಕಡೆ ಹಲಗೆಯನ್ನೇ ಉದ್ದಕ್ಕೆ ಸೀಳಿ ಗಾಳಿಯ ಕಂಡಿಯನ್ನು ಮಾಡುವುದುಂಟು; ಏಕೆಂದರೆ ಧೂಳೂ ತೇವವೂ ಸೇರಿ ಹಲಗೆಯ ಮೇಲ್ಮೈಯಲ್ಲಿ ವಿದ್ಯುತ್ತು ತೆವಳುವ ದಾರಿಯಾಗುವುದನ್ನು ಕಂಡಿಯು ಕಡಿದುಹಾಕುವುದು. ಈ ಬದುವನ್ನು ದಾಟಬಹುದಾದವು ಮೂರೇ: ರಿಲೇಯ ಅಯಸ್ಕಾಂತ, ಟ್ರಾನ್ಸ್‌ಫಾರ್ಮರಿನ ಅಯಸ್ಕಾಂತ, ಮತ್ತು ಬೆಳಕಿನ ಮೂಲಕ ಸಂದೇಶ ಸಾಗಿಸುವ ಆಪ್ಟೋಕಪ್ಲರ್. ತಾಮ್ರದ ಒಂದೇ ಒಂದು ಎಳೆ ಇದನ್ನು ದಾಟಿದರೂ ಆಂಟೆನಾವನ್ನು ಮುಟ್ಟಿದವನು ಫೇಸನ್ನು ಮುಟ್ಟಿದಂತೆಯೇ ಸರಿ.

ಒತ್ತಡವನ್ನು ಇಳಿಸಿ ಬಳಸುವ ಕ್ರಮ

ಅನೇಕ ಸ್ಟಾರ್ಟರುಗಳಲ್ಲಿ ಕಂಟ್ಯಾಕ್ಟರಿನ ಸುರುಳಿಯು ಎರಡು ಫೇಸುಗಳ ನಡುವೆ, ಅಂದರೆ ೪೧೫ ವೋಲ್ಟಿನಲ್ಲಿ ಕೆಲಸ ಮಾಡುತ್ತದೆ. ಇಲ್ಲಿ ಮನೆಯಲ್ಲಿ ಫಲಕ ಜೋಡಿಸುವವರು ದೊಡ್ಡ ತಪ್ಪೊಂದನ್ನು ಮಾಡುವುದುಂಟು. ಅಂಗಡಿಯಲ್ಲಿ ಸಕ್ಕರೆ ಅಚ್ಚಿನಂತೆ ಸಣ್ಣದಾಗಿ ದೊರೆಯುವ ಅಗ್ಗದ ರಿಲೇಗಳ ಬೆನ್ನ ಮೇಲೆ ೨೫೦ ವೋಲ್ಟು ಎಂದು ಬರೆದಿರುತ್ತದೆ. ಅದನ್ನು ೪೧೫ ವೋಲ್ಟಿನ ಸುರುಳಿಗೆ ಜೋಡಿಸಿದರೆ ಕೆಲವು ದಿನ ನಡೆಯುವುದು. ಬಾಗಿಲು ತೆರೆಯುವಾಗಲೆಲ್ಲ ಒಳಗೆ ಕಿಡಿ ಹೊತ್ತಿ, ಕೊನೆಗೆ ಲೋಹಗಳು ಬೆಸೆದುಕೊಂಡು, ನಿಲ್ಲಿಸೆಂದರೂ ಪಂಪು ನಿಲ್ಲದಂತಾಗುವುದು.

ಇದಕ್ಕೆ ಎರಡು ಪರಿಹಾರಗಳುಂಟು. ಮೊದಲನೆಯದು, ೪೪೦ ವೋಲ್ಟಿಗೆ ತಕ್ಕುದೆಂದು ಗುರುತು ಮಾಡಿದ ಸಹಾಯಕ ಕಂಟ್ಯಾಕ್ಟರನ್ನು ನಡುವೆ ಇಡುವುದು. ಎರಡನೆಯದೂ ಉತ್ತಮವಾದುದೂ ಯಾವುದೆಂದರೆ, ೨೪ ವೋಲ್ಟಿನ ಸುರುಳಿಯುಳ್ಳ ಕಂಟ್ಯಾಕ್ಟರನ್ನು ಹಾಕಿಸಿ, ೪೧೫ ವೋಲ್ಟನ್ನು ೨೪ಕ್ಕೆ ಇಳಿಸುವ ಸಣ್ಣ ಟ್ರಾನ್ಸ್‌ಫಾರ್ಮರಿನಿಂದ ಅದನ್ನು ನಡೆಸುವುದು. ಆಗ ಬೇಸಾಯಗಾರನ ಬೆರಳು ತಾಕುವ ಹಸಿರು ಕೆಂಪು ಗುಂಡಿಗಳಲ್ಲಿಯೂ ಫಲಕದ ರಿಲೇಯಲ್ಲಿಯೂ ಪ್ರಾಣಾಪಾಯದ ಒತ್ತಡವೇ ಇರುವುದಿಲ್ಲ. ಸ್ವಲ್ಪ ಖರ್ಚು ಹೆಚ್ಚಾದರೂ ಒದ್ದೆ ಕೈಯಿಂದ ಗುಂಡಿ ಒತ್ತುವವರಿಗೆ ಇದಕ್ಕಿಂತ ಮೇಲಾದ ರಕ್ಷಣೆಯಿಲ್ಲ. ೨೪೦ ವೋಲ್ಟಿನ ಸುರುಳಿಗೆ ನ್ಯೂಟ್ರಲ್ ದೊರೆಯಲಿಲ್ಲವೆಂದು ನೆಲಕ್ಕೆ ಹೂತ ಅರ್ಥ್ ತಂತಿಯನ್ನೋ ಕೊಳವೆ ಬಾವಿಯ ಕಬ್ಬಿಣದ ಕೊಳವೆಯನ್ನೋ ನ್ಯೂಟ್ರಲ್ಲಿನಂತೆ ಬಳಸುವುದು ಮಾತ್ರ ಸರ್ವಥಾ ಕೂಡದು. ನೆಲದ ಸಂಪರ್ಕವು ಸಡಿಲವಾದ ದಿನ ಆ ಕೊಳವೆಯನ್ನು ಮುಟ್ಟಿದ ದನಕರುಗಳೂ ಮನುಷ್ಯರೂ ಬಲಿಯಾಗುವರು.

ಲೆಕ್ಕದ ಚಿಪ್ಪಿನ ಒಂದು ಕಾಲು ಕೊಡಬಲ್ಲ ಪ್ರವಾಹವು ಕೆಲವು ಮಿಲಿ ಆಂಪಿಯರುಗಳು ಮಾತ್ರ. ೧೨ ವೋಲ್ಟಿನ ಸಣ್ಣ ರಿಲೇಯ ಸುರುಳಿಗೆ ಸುಮಾರು ೩೦ ಬೇಕು. ಆದುದರಿಂದ ನಡುವೆ ಟ್ರಾನ್ಸಿಸ್ಟರ್ ಒಂದನ್ನು ಇಡುವರು. ಸುರುಳಿಯ ಪ್ರವಾಹವನ್ನು ಥಟ್ಟನೆ ಕಡಿದಾಗ ಅದರಲ್ಲಿ ಅಡಗಿದ್ದ ಅಯಸ್ಕಾಂತ ಶಕ್ತಿಯು ಹಿಮ್ಮುಖವಾಗಿ ನುಗ್ಗಿ ಟ್ರಾನ್ಸಿಸ್ಟರನ್ನು ಸುಡುವುದು. ಅದನ್ನು ಹೀರಿಕೊಳ್ಳಲು ಸುರುಳಿಗೆ ಅಡ್ಡಲಾಗಿ ಡಯೋಡು ಇರಲೇಬೇಕು. ಕೆಲವೇ ಕಾಸಿನ ಈ ಡಯೋಡನ್ನು ಮರೆತುದರಿಂದ ಕೆಟ್ಟ ಫಲಕಗಳು ಅಸಂಖ್ಯಾತ.

ಅನುಮತಿಯ ರಿಲೇಯೂ ಆರಂಭದ ರಿಲೇಯೂ

ಒಳ್ಳೆಯ ಫಲಕದಲ್ಲಿ ಎರಡು ರಿಲೇಗಳಿರುವುದು ಯುಕ್ತ. ಮೊದಲನೆಯದನ್ನು ಅನುಮತಿಯ ರಿಲೇ ಎನ್ನಬಹುದು. ಅದರ ಬಾಗಿಲು ಕೆಂಪು ಗುಂಡಿಯೊಡನೆ ಸರಣಿಯಲ್ಲಿ ಸೇರಿರುವುದು; ಎಲ್ಲವೂ ಸರಿಯಾಗಿರುವವರೆಗೆ ಮಾತ್ರ ಫಲಕವು ಅದನ್ನು ಹಿಡಿದಿರುವುದು. ಎರಡನೆಯದು ಆರಂಭದ ರಿಲೇ. ಅದು ಹಸಿರು ಗುಂಡಿಗೆ ಸಮಾಂತರವಾಗಿದ್ದು, ಬೆರಳಿನಂತೆ ಒಂದೆರಡು ಸೆಕೆಂಡು ಒತ್ತಿ ಬಿಡುವುದು. ಆಮೇಲೆ ಕಂಟ್ಯಾಕ್ಟರು ತನ್ನ ಸಹಾಯಕ ಬಾಗಿಲಿನ ಮೂಲಕ ತಾನೇ ಹಿಡಿದುಕೊಳ್ಳುವುದು.

ಈ ಕ್ರಮದ ಗುಣವೇನೆಂದರೆ, ಫಲಕವೇ ಕೆಟ್ಟುಹೋದರೆ ಅನುಮತಿಯ ರಿಲೇಯು ತಾನಾಗಿ ಕೈಬಿಟ್ಟು ಮೋಟಾರು ನಿಲ್ಲುವುದು. ಕಾವಲುಗಾರನು ಮೂರ್ಛೆಹೋದರೆ ಬಾಗಿಲು ಮುಚ್ಚಿಕೊಳ್ಳಬೇಕೇ ಹೊರತು ತೆರೆದಿರಬಾರದು. ಇದೇ ಈ ಇಡೀ ರಚನೆಯ ಮೂಲಸೂತ್ರ.

ಫಲಕ ಕೆಟ್ಟ ದಿನ ಬೆಳೆ ಒಣಗಬಾರದಷ್ಟೆ. ಅದಕ್ಕಾಗಿ ಪೆಟ್ಟಿಗೆಯ ಮೇಲೆ “ಕೈ” ಮತ್ತು “ದೂರ” ಎಂಬ ಎರಡು ಸ್ಥಾನಗಳುಳ್ಳ ತಿರುಗುಗುಂಡಿಯನ್ನು ಇಡತಕ್ಕದ್ದು. “ಕೈ” ಎಂಬಲ್ಲಿಗೆ ತಿರುಗಿಸಿದಾಗ ಫಲಕದ ಎರಡು ರಿಲೇಗಳೂ ತಂತಿಯಿಂದಲೇ ಕಳಚಿಹೋಗಿ, ಹಳೆಯ ಗುಂಡಿಗಳು ಎಂದಿನಂತೆ ಕೆಲಸ ಮಾಡಬೇಕು. ದೂರದ ಯಾವ ಅಪ್ಪಣೆಯೂ ನಡೆಯಕೂಡದು. ಮೋಟಾರಿನ ಅತಿಭಾರವನ್ನು ತಡೆಯುವ ಓವರ್‌ಲೋಡ್ ರಿಲೇಯು ಎರಡು ಸ್ಥಾನಗಳಲ್ಲಿಯೂ ದಾರಿಯಲ್ಲಿಯೇ ಇರಬೇಕು. ಅದನ್ನು ಬಿಚ್ಚಿ ತಂತಿಯಿಂದ ಬೆಸೆಯುವವನು ತನ್ನ ಮೋಟಾರಿಗೆ ತಾನೇ ಬೆಂಕಿ ಇಡುವವನು.

ಫಲಕದ ಕಣ್ಣುಗಳು

ದೂರದಲ್ಲಿರುವ ಯಜಮಾನನಿಗೆ ಪಂಪು ಕಾಣದು. ಅವನ ಪರವಾಗಿ ಫಲಕವೇ ನೋಡಬೇಕು. ನೋಡತಕ್ಕ ಮೊದಲ ವಿಷಯವು ಮೂರು ಫೇಸುಗಳೂ ಇವೆಯೇ ಎಂಬುದು. ಇದಕ್ಕಾಗಿ ಫೇಸುಗಳ ನಡುವೆ ದೊಡ್ಡ ರೋಧಕಗಳ ಮೂಲಕ ಅತ್ಯಲ್ಪ ಪ್ರವಾಹವನ್ನು ಆಪ್ಟೋಕಪ್ಲರಿನ ದೀಪಕ್ಕೆ ಹರಿಸುವರು. ಕಾಲು ವಾಟಿನ ಸಾಮಾನ್ಯ ರೋಧಕವೊಂದು ತಾಳುವುದು ಸುಮಾರು ೨೫೦ ವೋಲ್ಟು ಮಾತ್ರ. ಒಂದನ್ನೇ ೪೧೫ ವೋಲ್ಟಿಗೆ ಹಾಕಿದರೆ ಅದು ಸೀಳುವುದು. ಒಂದು ಲಕ್ಷ ಓಮಿನ ನಾಲ್ಕು ರೋಧಕಗಳನ್ನು ಸಾಲಾಗಿ ಹಾಕಿದರೆ ಪ್ರವಾಹವು ಒಂದು ಮಿಲಿ ಆಂಪಿಯರಿನಷ್ಟಾಗಿ, ಪ್ರತಿಯೊಂದರ ಪಾಲಿಗೆ ೧೦೪ ವೋಲ್ಟೂ ವಾಟಿನ ಹತ್ತನೆಯ ಒಂದು ಭಾಗದಷ್ಟು ಬಿಸಿಯೂ ಬೀಳುವುದು. ನಾಲ್ಕು ಜನ ಹಂಚಿಕೊಂಡ ಹೊರೆಯು ಯಾರ ಬೆನ್ನನ್ನೂ ಮುರಿಯದು. ಆ ದೀಪಕ್ಕೆ ಹಿಮ್ಮುಖವಾಗಿ ಒಂದು ಡಯೋಡನ್ನು ಜೋಡಿಸಿ, ಅಲೆಯ ತಿರುಗು ಭಾಗದಿಂದ ಅದನ್ನು ಕಾಪಾಡತಕ್ಕದ್ದು.

ಆದರೆ ಒತ್ತಡವನ್ನು ನೋಡುವುದರಿಂದಲೇ ಸಾಲದು. ಮೋಟಾರು ಓಡುತ್ತಿರುವಾಗ ಒಂದು ಫೇಸು ಕಡಿದುಹೋದರೆ, ಓಡುವ ಮೋಟಾರೇ ಆ ತಂತಿಯಲ್ಲಿ ಒತ್ತಡವನ್ನು ಹುಟ್ಟಿಸಿ ಮೂರೂ ಇರುವಂತೆ ಭ್ರಾಂತಿಗೊಳಿಸುವುದು. ಇತ್ತ ಉಳಿದ ಎರಡು ತಂತಿಗಳಲ್ಲಿ ಪ್ರವಾಹವು ಸುಮಾರು ಒಂದೂಮುಕ್ಕಾಲು ಪಟ್ಟು ಏರಿ ಸುರುಳಿಗಳು ಸುಡುವುವು. ಕೊಳವೆ ಬಾವಿಯಿಂದ ಮೋಟಾರನ್ನು ಎತ್ತಿಸಿ, ಕಾಯಿಲು ಕಟ್ಟಿಸಿ, ಮತ್ತೆ ಇಳಿಸುವ ಖರ್ಚನ್ನೂ, ಅಷ್ಟು ದಿನ ನೀರಿಲ್ಲದೆ ಬಾಡುವ ಬೆಳೆಯನ್ನೂ ಕಂಡವರಿಗೆ ಇದರ ನಷ್ಟವನ್ನು ವಿವರಿಸಬೇಕಾಗಿಲ್ಲ. ಆದಕಾರಣ ಮೂರು ತಂತಿಗಳಿಗೂ ಉಂಗುರದಂತಹ ಪ್ರವಾಹ ಟ್ರಾನ್ಸ್‌ಫಾರ್ಮರುಗಳನ್ನು ತೊಡಿಸಿ ಪ್ರವಾಹವನ್ನೇ ಅಳೆಯತಕ್ಕದ್ದು. ಸಾವಿರಕ್ಕೆ ಒಂದರ ಉಂಗುರವಾದರೆ ೭.೫ ಆಂಪಿಯರಿಗೆ ಅದು ೭.೫ ಮಿಲಿ ಆಂಪಿಯರನ್ನು ಕೊಡುವುದು. ನೂರು ಓಮಿನ ರೋಧಕದಲ್ಲಿ ಅದು ಮುಕ್ಕಾಲು ವೋಲ್ಟಾಗಿ ಲೆಕ್ಕದ ಚಿಪ್ಪಿಗೆ ತಿಳಿಯುವುದು. ಉಂಗುರದ ತುದಿಗಳನ್ನು ತೆರೆದಿಡುವುದು ಅಪಾಯ. ಅವು ಎಂದಿಗೂ ಆ ರೋಧಕಕ್ಕೆ ಸೇರಿಯೇ ಇರಬೇಕು.

ಇದೇ ಉಂಗುರವು ಬಾವಿ ಬತ್ತಿದುದನ್ನೂ ತಿಳಿಸುವುದು. ನೀರಿಲ್ಲದೆ ತಿರುಗುವ ಪಂಪಿಗೆ ಭಾರ ಕಡಿಮೆ, ಪ್ರವಾಹವು ಇಳಿಯುವುದು. ಮುಳುಗು ಪಂಪಿನ ಮೋಟಾರಿಗೆ ಸುತ್ತಲ ನೀರೇ ತಂಪು, ಪಂಪಿನ ಬೇರಿಂಗುಗಳಿಗೆ ಹರಿಯುವ ನೀರೇ ಎಣ್ಣೆ. ಬರಿದಾಗಿ ಓಡಿದರೆ ಬೇಗನೆ ಕೆಡುವುದು. ಪ್ರವಾಹ ಇಳಿದು ಕೆಲವು ಸೆಕೆಂಡು ಕಳೆದೊಡನೆ ಅನುಮತಿಯನ್ನು ಹಿಂತೆಗೆದು, ನೀರು ಊರುವಷ್ಟು ಕಾಲ ಮತ್ತೆ ಹೊರಡಿಸದಿರುವುದು ಸರಿಯಾದ ಕ್ರಮ.

ಅಪ್ಪಣೆ ತಲಪುವ ಮಾರ್ಗ

ಸಾಮಾನ್ಯ ಫಲಕದಲ್ಲಿ ಮೊಬೈಲಿನ ಸಿಮ್ಮು ಇರುವುದು. ಹಳೆಯ ಬಗೆಯ ಜಿ.ಎಸ್.ಎಂ. ಭಾಗವು ಮಾತನಾಡುವ ಗಳಿಗೆಯಲ್ಲಿ ಬಿಟ್ಟು ಬಿಟ್ಟು ೨ ಆಂಪಿಯರಿನವರೆಗೂ ಪ್ರವಾಹವನ್ನು ಎಳೆಯುವುದು. ಹತ್ತಿರದಲ್ಲಿಯೇ ದೊಡ್ಡ ಕೆಪಾಸಿಟರ್ ಇಲ್ಲದಿದ್ದರೆ ಒತ್ತಡ ಕುಸಿದು ಫಲಕವು ಮತ್ತೆ ಮತ್ತೆ ಮೊದಲಿನಿಂದ ಎದ್ದೇಳುವುದು. ಸಿಗ್ನಲ್ ಸಿಕ್ಕದ ಕಡೆ ೮೬೫ರಿಂದ ೮೬೭ ಮೆಗಾಹರ್ಟ್ಸ್ ನಡುವೆ ಲೈಸೆನ್ಸಿಲ್ಲದೆ ಬಳಸಲು ಭಾರತದಲ್ಲಿ ಅವಕಾಶವಿರುವ ಅಲ್ಪಶಕ್ತಿಯ ರೇಡಿಯೋವನ್ನು ಮನೆಗೂ ಪಂಪಿಗೂ ಹಾಕಬಹುದು.

ಅಪ್ಪಣೆಯ ವಿಷಯದಲ್ಲಿ ಮೂರು ನಿಯಮಗಳನ್ನು ಪಾಲಿಸತಕ್ಕದ್ದು. ಒಂದನೆಯದು, ಮೊದಲೇ ಬರೆದಿಟ್ಟ ಸಂಖ್ಯೆಗಳಿಂದ ಗುಪ್ತ ಅಂಕಿಯೊಡನೆ ಬಂದ ಅಪ್ಪಣೆಯನ್ನು ಮಾತ್ರ ಒಪ್ಪುವುದು. ಎರಡನೆಯದು, ಹಳಸಿದ ಅಪ್ಪಣೆಯನ್ನು ತಿರಸ್ಕರಿಸುವುದು. ಸಂದೇಶಗಳು ದಾರಿಯಲ್ಲಿ ತಡೆದು ಗಂಟೆಗಳ ಮೇಲೆ ತಲಪುವುದುಂಟು. ಬೆಳಿಗ್ಗೆ ಕಳುಹಿಸಿದ “ನಡೆಸು” ಎಂಬ ಮಾತು, ಮಧ್ಯಾಹ್ನ ಆಳೊಬ್ಬನು ಪಂಪಿನ ಚಕ್ರದಲ್ಲಿ ಕೈಯಿಟ್ಟಿರುವಾಗ ತಲಪಿದರೆ ಆಗುವ ಅನಾಹುತವನ್ನು ಊಹಿಸಿಕೊಳ್ಳಬಹುದು. ಸಂದೇಶದ ಮೇಲಿನ ಹೊತ್ತನ್ನು ನೋಡಿ, ಎರಡು ಮೂರು ನಿಮಿಷಕ್ಕಿಂತ ಹಳೆಯದಾದರೆ ಫಲಕವು ಅದನ್ನು ಬಿಸಾಡಬೇಕು. ಮೂರನೆಯದು, ಫಲಕವು ಕೊಡುವ ಉತ್ತರವು ಅಪ್ಪಣೆ ತಲಪಿತೆಂದಲ್ಲ, ಕೆಲಸ ನಡೆಯಿತೆಂದಿರಬೇಕು. “ನಿಲ್ಲಿಸು” ಎಂದ ಮೇಲೂ ಉಂಗುರದಲ್ಲಿ ಪ್ರವಾಹವು ಕಾಣುತ್ತಿದ್ದರೆ ಕಂಟ್ಯಾಕ್ಟರು ಬೆಸೆದುಕೊಂಡಿದೆಯೆಂದು ತಿಳಿದು ಫಲಕವು ಕೂಡಲೆ ಎಚ್ಚರಿಸಬೇಕು. ಆಗ ಒಬ್ಬರು ಹೋಗಿ ಮುಖ್ಯ ಸ್ವಿಚ್ಚನ್ನು ಇಳಿಸದೆ ಬೇರೆ ದಾರಿಯಿಲ್ಲ.

ಸಿಡಿಲು, ತೇವ, ಹಲ್ಲಿ, ಇರುವೆ

ಹೊಲದ ಉದ್ದನೆಯ ತಂತಿಗಳು ಸಿಡಿಲಿನ ಅಬ್ಬರವನ್ನು ಪಂಪಿನ ಮನೆಗೆ ತರುವುವು. ಇದನ್ನು ತಡೆಯಲು ಪ್ರತಿ ಫೇಸಿಗೂ ವ್ಯಾರಿಸ್ಟರ್ ಎಂಬ ತಡೆಯನ್ನು, ಅದರ ಮುಂದೆ ಫ್ಯೂಜನ್ನು ಇಟ್ಟು, ಜೋಡಿಸುವರು. ಪಟ್ಟಣದ ಮನೆಗಳಿಗೆ ಹಾಕುವ ೨೭೫ ವೋಲ್ಟಿನದು ಇಲ್ಲಿ ಸಲ್ಲದು. ನ್ಯೂಟ್ರಲ್ ಕಡಿದ ದಿನ ಅದರ ಮೇಲೆ ೪೧೫ ವೋಲ್ಟಿನವರೆಗೆ ಬಿದ್ದು ಹೊತ್ತಿಕೊಳ್ಳಬಹುದು. ಹೆಚ್ಚಿನ ಒತ್ತಡವನ್ನು ತಾಳುವುದನ್ನೇ ಆರಿಸತಕ್ಕದ್ದು. ನೇರವಾಗಿ ಬಡಿದ ಸಿಡಿಲನ್ನು ಯಾವ ತಡೆಯೂ ತಾಳದು. ಗುಡುಗಿನ ಹೊತ್ತಿನಲ್ಲಿ ಪಂಪನ್ನು ನಡೆಸದಿರುವುದೇ ಲೇಸು.

ಬಿಸಿಯನ್ನು ಅರಸುವ ಹಲ್ಲಿಯೂ ಇರುವೆಯೂ ಸ್ಟಾರ್ಟರ್ ಪೆಟ್ಟಿಗೆಯನ್ನು ಸೇರುವುದು ಎಲ್ಲರಿಗೂ ತಿಳಿದ ಸಂಗತಿ. ಎರಡು ಫೇಸುಗಳ ನಡುವೆ ಸಿಕ್ಕ ಹಲ್ಲಿಯು ತಾನೂ ಸತ್ತು ಫಲಕವನ್ನೂ ಸುಡುವುದು. ತಂತಿ ಒಳಬರುವ ರಂಧ್ರಗಳನ್ನು ರಬ್ಬರ್ ಬಿರಡೆಗಳಿಂದ ಮುಚ್ಚಿ, ಗಾಳಿಯ ಕಂಡಿಗೆ ಸಣ್ಣ ಜಾಲರಿಯನ್ನು ಬಿಗಿದು, ಫಲಕಕ್ಕೆ ತೇವ ತಡೆಯುವ ವಾರ್ನಿಷನ್ನು ಬಳಿಸತಕ್ಕದ್ದು. ಕಬ್ಬಿಣದ ಪೆಟ್ಟಿಗೆಗೆ ಅರ್ಥ್ ತಂತಿಯು ಕಡ್ಡಾಯ. ಬೇಸಗೆಯಲ್ಲಿ ಅರ್ಥ್ ಗುಂಡಿಗೆ ನೀರು ಹಾಕಿ ನೆಲವನ್ನು ತೇವವಾಗಿಡಬೇಕು.

ಒಂದೇ ಟ್ರಾನ್ಸ್‌ಫಾರ್ಮರಿನ ಪಂಪುಗಳು

ಇದುವರೆಗೆ ಹೇಳಿದ್ದು ಒಬ್ಬೊಬ್ಬ ಜಮೀನುದಾರನ ಕೆಲಸ. ಮುಂದಿನದು ಗ್ರಾಮದ ಮುಖಂಡರ ಕೆಲಸ. ೬೩ ಕೆ.ವಿ.ಎ. ಟ್ರಾನ್ಸ್‌ಫಾರ್ಮರೊಂದು ಪ್ರತಿ ಫೇಸಿನಲ್ಲಿ ಕೊಡಬಲ್ಲ ಪ್ರವಾಹವು ಸುಮಾರು ೮೪ ಆಂಪಿಯರು. ಐದು ಅಶ್ವಶಕ್ತಿಯ ಹತ್ತು ಪಂಪುಗಳು ಓಡುತ್ತಿರುವಾಗ ೭೫ ಆಂಪಿಯರು ಬೇಕು. ಇದನ್ನು ಅದು ತಾಳುವುದು. ಆದರೆ ಕರೆಂಟು ಬಂದ ಗಳಿಗೆಯಲ್ಲಿ ಹತ್ತು ಫಲಕಗಳೂ ಒಟ್ಟಿಗೆ ಮೋಟಾರನ್ನು ಹೊರಡಿಸಿದರೆ ಒಂದೊಂದಕ್ಕೆ ೪೫ರಂತೆ ೪೫೦ ಆಂಪಿಯರಿನ ಎಳೆತವಾಗುವುದು. ಅಂದರೆ ತಾಳುವ ಶಕ್ತಿಯ ಐದು ಪಟ್ಟಿಗೂ ಹೆಚ್ಚು. ಒತ್ತಡವು ಕುಸಿದು ಯಾವ ಮೋಟಾರೂ ಹೊರಡದೆ, ಕಂಟ್ಯಾಕ್ಟರುಗಳು ಗಡಗಡನೆ ನಡುಗಿ, ಫ್ಯೂಜು ಹೋಗುವುದು. ಕೆಲವು ವೇಳೆ ಟ್ರಾನ್ಸ್‌ಫಾರ್ಮರೇ ಸುಟ್ಟು ಊರಿಗೆ ಊರೇ ದಿನಗಟ್ಟಲೆ ನೀರಿಲ್ಲದೆ ಕಾಯಬೇಕಾಗುವುದು.

ಪರಿಹಾರವು ಸುಲಭ. ಕೆರೆಯ ನೀರಿಗೆ ಸರದಿ ಇರುವಂತೆ ಇದಕ್ಕೂ ಸರದಿ ಗೊತ್ತುಮಾಡಬೇಕು. ಕರೆಂಟು ಬಂದ ಮೇಲೆ ಮೊದಲನೆಯವನ ಫಲಕವು ೨೦ ಸೆಕೆಂಡು, ಎರಡನೆಯವನದು ೪೦, ಮೂರನೆಯವನದು ೬೦ ಎಂಬಂತೆ ಕಾದು ಹೊರಡಲಿ. ಹತ್ತನೆಯವನಿಗೆ ಆಗುವ ವಿಳಂಬವು ಮೂರೂಕಾಲು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ. ಒಂದು ಟ್ರಾನ್ಸ್‌ಫಾರ್ಮರಿನ ಬೇಸಾಯಗಾರರೆಲ್ಲರನ್ನು ಸೇರಿಸಿ ಈ ಪಟ್ಟಿಯನ್ನು ಬರೆದು ಒಪ್ಪಿಸುವುದು ಮುಖಂಡರಿಂದ ಆಗತಕ್ಕ ದೊಡ್ಡ ಉಪಕಾರ. ಹಾಗೆಯೇ ಪ್ರತಿ ಫಲಕದಲ್ಲಿ ಇಷ್ಟು ಹೊತ್ತು ಮಾತ್ರವೆಂಬ ಮಿತಿಯನ್ನೂ ಇಡಿಸತಕ್ಕದ್ದು. ಯಜಮಾನನು ಮಲಗಿರುವಾಗ ರಾತ್ರಿಯೆಲ್ಲ ಓಡಿ ತೋಟದ ಬುಡವನ್ನು ಕೊಳೆಸುವ ನೀರು ಅವನೊಬ್ಬನದಲ್ಲ; ನೆರೆಯವನ ಬಾವಿಯ ನೀರೂ ಅದರಲ್ಲಿದೆ.

ಪರೀಕ್ಷೆಯೂ ಪ್ರಾಣರಕ್ಷಣೆಯೂ

ಹೊಸ ಫಲಕವನ್ನು ನೇರವಾಗಿ ಮೋಟಾರಿಗೆ ಜೋಡಿಸಕೂಡದು. ಮೊದಲು ಎರಡು ಸೀಮೆಗಳ ನಡುವೆ ೫೦೦ ವೋಲ್ಟಿನ ಮೆಗ್ಗರಿನಿಂದ ಅಳೆಸಬೇಕು. ಸೋರಿಕೆ ಕಂಡರೆ ಆ ಫಲಕವನ್ನು ಬಿಡಬೇಕು. ಬಳಿಕ ಮೇಜಿನ ಮೇಲೆ ಮೋಟಾರಿನ ಬದಲು ದೀಪಗಳನ್ನು ಇಟ್ಟು ಒಂದೊಂದು ಫೇಸನ್ನು ತೆಗೆದು ನೋಡಬೇಕು. ಆಮೇಲೆ ಸ್ಟಾರ್ಟರಿಗೆ ಜೋಡಿಸಿ, ಮೋಟಾರಿನ ತಂತಿಗಳನ್ನು ಕಳಚಿಟ್ಟು ಪರೀಕ್ಷಿಸಬೇಕು. ಕಡೆಯಲ್ಲಿ ಮೋಟಾರಿನೊಡನೆ, ಮುಖ್ಯ ಸ್ವಿಚ್ಚಿನ ಬಳಿ ಒಬ್ಬನು ನಿಂತಿರುವಾಗ, ನಡೆಸಬೇಕು. ಈ ಕೆಲಸಗಳಲ್ಲಿ ಪಂಪಿನ ತಂತಿಗೆ ಸಂಬಂಧಿಸಿದುದನ್ನೆಲ್ಲ ಪರವಾನಗಿಯುಳ್ಳ ವಿದ್ಯುತ್ ಕೆಲಸಗಾರನಿಂದಲೇ ಮಾಡಿಸತಕ್ಕದ್ದು.

ಪ್ರತಿಯೊಂದು ಪಂಪಿನ ಮನೆಯ ಬಾಗಿಲ ಮೇಲೆ “ಈ ಪಂಪು ದೂರದ ಅಪ್ಪಣೆಯಿಂದ ಯಾವ ಗಳಿಗೆಯಲ್ಲಾದರೂ ಹೊರಡಬಹುದು” ಎಂದು ದೊಡ್ಡ ಅಕ್ಷರಗಳಲ್ಲಿ ಬರೆಸಬೇಕು. ಓದು ಬಾರದವರಿಗೂ ತಿಳಿಯುವಂತೆ, ಹೊರಡುವ ಮುನ್ನ ಅರ್ಧ ನಿಮಿಷ ಗಂಟೆ ಬಾರಿಸುವ ಏರ್ಪಾಡನ್ನು ಫಲಕದಲ್ಲಿಯೇ ಮಾಡಿಸಬೇಕು. ಪಂಪನ್ನು ಬಿಚ್ಚುವಾಗ “ಕೈ” ಎಂಬ ಸ್ಥಾನಕ್ಕೆ ತಿರುಗಿಸಿದರೆ ಸಾಲದು; ಮುಖ್ಯ ಸ್ವಿಚ್ಚನ್ನು ಇಳಿಸಿ, ಬೀಗ ಹಾಕಿ, ಬೀಗದ ಕೈಯನ್ನು ಕೆಲಸ ಮಾಡುವವನೇ ತನ್ನ ಬಳಿ ಇಟ್ಟುಕೊಳ್ಳತಕ್ಕದ್ದು. ಯಾರಿಗಾದರೂ ವಿದ್ಯುತ್ತು ಹಿಡಿದರೆ ಅವರನ್ನು ಬರಿಗೈಯಿಂದ ಮುಟ್ಟದೆ ಮೊದಲು ಸ್ವಿಚ್ಚನ್ನು ಇಳಿಸಬೇಕು. ಅದು ಸಾಧ್ಯವಾಗದಿದ್ದರೆ ಒಣಗಿದ ಮರದ ಕೋಲಿನಿಂದ ಬಿಡಿಸಬೇಕು. ಉಸಿರು ನಿಂತಿದ್ದರೆ ಎದೆಯ ನಡುವೆ ಬಲವಾಗಿ ಒತ್ತುತ್ತ, ೧೦೮ಕ್ಕೆ ಕರೆ ಮಾಡಿ ಆಂಬುಲೆನ್ಸನ್ನು ತರಿಸಬೇಕು.

ಕೊಳ್ಳುವ ಮುನ್ನ ಕೇಳತಕ್ಕ ಪ್ರಶ್ನೆಗಳು

೧. ಎರಡು ಸೀಮೆಗಳ ನಡುವೆ ೮ ಮಿಲಿಮೀಟರಿನ ಬದು ಇದೆಯೆ?
೨. ಕಂಟ್ಯಾಕ್ಟರಿನ ಸುರುಳಿ ಎಷ್ಟು ವೋಲ್ಟಿನದು, ರಿಲೇಯು ಅದಕ್ಕೆ ತಕ್ಕುದೆ?
೩. ಫಲಕ ಕೆಟ್ಟರೆ ಮೋಟಾರು ನಿಲ್ಲುವುದೆ?
೪. “ಕೈ–ದೂರ” ತಿರುಗುಗುಂಡಿ ಇದೆಯೆ?
೫. ಮೂರು ಫೇಸುಗಳ ಪ್ರವಾಹವನ್ನೂ ಅಳೆಯುವುದೆ, ಒತ್ತಡವನ್ನು ಮಾತ್ರವೆ?
೬. ಹಳೆಯ ಸಂದೇಶವನ್ನು ತಿರಸ್ಕರಿಸುವುದೆ?
೭. ಹೊರಡುವ ಮುನ್ನ ಗಂಟೆ ಬಾರಿಸುವುದೆ, ಸರದಿಯ ಕಾಲವನ್ನು ಗೊತ್ತುಮಾಡಬಹುದೆ?

ಈ ಏಳಕ್ಕೂ ತೃಪ್ತಿಕರವಾದ ಉತ್ತರ ದೊರೆಯದ ಫಲಕವನ್ನು ಅಗ್ಗವೆಂದು ಕೊಳ್ಳದಿರುವುದೇ ವಿವೇಕ. ರಾತ್ರಿಯ ನಡಿಗೆಯು ತಪ್ಪಬೇಕಾದದ್ದು ನಿಜ. ಅದು ತಪ್ಪಿದ ಮನೆಯಲ್ಲಿ ನಿಶ್ಚಿಂತೆಯ ನಿದ್ರೆಯೂ ಇರುವಂತೆ ನೋಡಿಕೊಳ್ಳುವುದು ಅಷ್ಟೇ ಅವಶ್ಯಕವಾದುದು.